ಗಾಳಿ ಇಲ್ಲದೆ ನಡುಗಿದ ಗದ್ದೆ

ನಾನು ವಿಡಿಯೋ ಮಾಡಬೇಕಿದ್ದ ಮದುವೆ ತುಳಸಿ ಲಗ್ನ ಮುಗಿದ ಮೇಲೆ. ಆದರೆ ವಿಡಿಯೋದ ಶುರುವಿನಲ್ಲಿ ಹುಡುಗನ ಊರು ಹಸಿರಾಗಿ ಕಾಣಬೇಕು ಎಂದು ಮನೆಯವರಿಗೆ ಆಸೆ. ಹಾಗಾಗಿ ಅಕ್ಟೋಬರ್ ಮೊದಲ ವಾರದಲ್ಲೇ ಬೆಳಗಾವಿಯಿಂದ ಖಾನಾಪುರಕ್ಕೆ ಹೋದೆ. ಊರು ಅಸೋಗದ ಕಡೆ, ಮಲಪ್ರಭೆಯ ದಂಡೆಗೆ. ಬೆಳಿಗ್ಗೆ ಹನ್ನೊಂದರ ಬಿಸಿಲಿನಲ್ಲಿ ಡ್ರೋನ್ ಏರಿಸಿ, ಹೆಂಚಿನ ಮನೆಗಳ ಮೇಲಿಂದ ಭತ್ತದ ಗದ್ದೆ ದಾಟಿ ಹೊಳೆಯವರೆಗೆ ಒಂದೇ ಶಾಟ್ ತೆಗೆದೆ. ಮೊಬೈಲ್ ಪರದೆಯಲ್ಲಿ ಚೆಂದವೇ ಕಂಡಿತು.

ಎರಡು ದಿನ ಬಿಟ್ಟು ಹುಡುಗನ ಕಾಕಾ ಸ್ಟುಡಿಯೋಕ್ಕೆ ಬಂದರು. ದೊಡ್ಡ ಟಿ.ವಿ.ಯಲ್ಲಿ ಹಾಕಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿ ಕೇಳಿದರು: “ಅವತ್ತ ಗಾಳಿನ ಇರಲಿಲ್ಲಲ್ಲೋ ತಮ್ಮಾ, ಗದ್ದಿ ಯಾಕ ಹಿಂಗ ನಡಗಾಕತ್ತೈತಿ?”

ಅವರು ಹೇಳಿದ್ದು ನಿಜ. ಕ್ಯಾಮೆರಾ ಅಲುಗಿರಲಿಲ್ಲ, ಅದನ್ನು ಸ್ಥಿರವಾಗಿ ಹಿಡಿಯುವ ಗಿಂಬಲ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಆದರೂ ಒಂದೊಂದು ತೆನೆಯೂ ಚುಕುಚುಕು ಕುಣಿಯುತ್ತಿತ್ತು. ಫೈಲಿನ ವಿವರ ತೆಗೆದು ನೋಡಿದೆ. ಎಲ್ಲವನ್ನೂ ಆಟೋದಲ್ಲಿ ಬಿಟ್ಟಿದ್ದರಿಂದ ಶಟರ್ ಸೆಕೆಂಡಿನ 1/3200ಕ್ಕೆ ಹೋಗಿತ್ತು. ಸೆಕೆಂಡಿಗೆ 25 ಫ್ರೇಮ್. ಒಂದೊಂದೂ ಕೆತ್ತಿದಷ್ಟು ಸ್ಪಷ್ಟ. ಒಂದನ್ನು ಇನ್ನೊಂದಕ್ಕೆ ಬೆಸೆಯುವ ಮಸುಕು ಮಾತ್ರ ಎಲ್ಲೂ ಇಲ್ಲ. ಕಣ್ಣ ಮುಂದೆ ಕೈ ಬೀಸಿದರೆ ಬೆರಳು ಮಸುಕಾಗಿಯೇ ಕಾಣುತ್ತದೆ, ಆ ಮಸುಕನ್ನೇ ನಾವು ಚಲನೆ ಎಂದು ಓದುತ್ತೇವೆ. ಅದಕ್ಕೇ ಸಿನಿಮಾದವರು ಶಟರನ್ನು ಫ್ರೇಮ್ ಸಂಖ್ಯೆಯ ಎರಡರಷ್ಟಕ್ಕೆ ಇಡುವುದು: 25ಕ್ಕೆ 1/50, 50ಕ್ಕೆ 1/100.

ನನ್ನ ಡ್ರೋನಿನ ಅಪರ್ಚರ್ 2.8ಕ್ಕೇ ಕೂತಿದೆ, ಐಎಸ್‌ಒ 100ಕ್ಕಿಂತ ಕೆಳಗೆ ಇಳಿಯದು. ಆ ಬಿಸಿಲಿನಲ್ಲಿ 1/50 ಇಟ್ಟರೆ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ. ಉಳಿದ ದಾರಿ ಎನ್‌ಡಿ ಫಿಲ್ಟರ್ ಒಂದೇ, ಕ್ಯಾಮೆರಾಕ್ಕೆ ಕೂಲಿಂಗ್ ಗ್ಲಾಸ್ ಹಾಕಿದ ಹಾಗೆ. ಲೆಕ್ಕ ಸುಲಭ: 1/3200ನ್ನು 1/50ಕ್ಕೆ ತರಲು 64ರ ಫಿಲ್ಟರ್. ಮೋಡ ಕವಿದು ಮೀಟರ್ 1/800 ತೋರಿಸಿದರೆ 16 ಸಾಕು.

ಫಿಲ್ಟರ್ ತರಿಸಿಕೊಂಡು ಮತ್ತೆ ಹೋಗುವಷ್ಟರಲ್ಲಿ ಎರಡು ವಾರ ಕಳೆದಿತ್ತು. ಹಸಿರು ಹೋಗಿ ಗದ್ದೆ ಹೊಂಬಣ್ಣಕ್ಕೆ ತಿರುಗಿತ್ತು. ಆ ಮನೆಯವರು ಕೇಳಿದ್ದ ಹಸಿರನ್ನು ಕೊಡಲಾಗಲಿಲ್ಲ ಎಂಬುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಈ ಸಲ ಏನನ್ನೂ ಆಟೋದಲ್ಲಿ ಬಿಡಲಿಲ್ಲ. ಮೊದಲ ಶಾಟ್‌ನಲ್ಲಿ ಕೆಂಪು ಹೆಂಚಿನಿಂದ ಗದ್ದೆಗೆ, ಗದ್ದೆಯಿಂದ ನೀರಿಗೆ ಹೋಗುವಾಗ ಬಣ್ಣ ಮೂರು ಸಲ ಬದಲಾಗಿತ್ತು. ಅದಕ್ಕೆ ವೈಟ್ ಬ್ಯಾಲೆನ್ಸ್ 5600ಕ್ಕೆ ಕಟ್ಟಿಹಾಕಿದೆ. ಡ್ರೋನನ್ನು ನಿಧಾನವಾಗಿ ಹಾರುವ ಸಿನಿ ಮೋಡ್‌ಗೆ ಹಾಕಿ ರಿಮೋಟಿನ ಕಡ್ಡಿಯನ್ನು ಮೆಲ್ಲಗೆ ಒತ್ತಿದೆ. ಶಟರ್ ಎಷ್ಟೇ ಸರಿಯಿದ್ದರೂ ನೆಲಕ್ಕೆ ಹತ್ತಿರ ಜೋರಾಗಿ ಹಾರಿಸಿದರೆ, ಗರ್ರನೆ ತಿರುಗಿಸಿದರೆ, 25 ಫ್ರೇಮ್ ಸಾಲುವುದಿಲ್ಲ, ಚಿತ್ರ ತುಂಡಾಗುತ್ತದೆ. ಎತ್ತರ ಹೆಚ್ಚಿಸಿದಷ್ಟೂ ನೆಲ ನಿಧಾನವಾಗಿ ಸರಿಯುತ್ತದೆ. ಕಾಕಾ ಈ ಸಲ ಟಿ.ವಿ. ಹತ್ತಿರ ಹೋಗಿ ಬೆರಳಿಟ್ಟು, “ಇಲ್ಲಿಂದ ನಮ್ಮ ಬದು” ಅಂದರು.

ಆ ಹಳ್ಳಿಯಲ್ಲಿ ಹಾರಿಸಿದ ಹಾಗೆ ಬೆಳಗಾವಿ ಊರೊಳಗೆ ಮನಸ್ಸಿಗೆ ಬಂದಲ್ಲಿ ಹಾರಿಸುವಂತಿಲ್ಲ. ಸಾಂಬ್ರಾ ವಿಮಾನ ನಿಲ್ದಾಣ, ವಾಯುಪಡೆಯ ನೆಲೆ, ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಎಲ್ಲ ಇಲ್ಲೇ ಇವೆ. ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಡಿಜಿಟಲ್ ಸ್ಕೈ ನಕ್ಷೆ ನೋಡದೆ ನಾನು ಬ್ಯಾಟರಿಯನ್ನೂ ಹಾಕುವುದಿಲ್ಲ. ಖಾನಾಪುರದ ಭೀಮಗಡ ಅಭಯಾರಣ್ಯದ ಕಡೆಗಂತೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ತಿರುಗಿಯೂ ನೋಡಬಾರದು.

ಅದೇ ಮದುವೆಯ ಆರತಕ್ಷತೆಯ ರಾತ್ರಿ ಇನ್ನೊಂದು ಪಾಠ ಕಾದಿತ್ತು. 30 ಫ್ರೇಮ್, 1/60ರಲ್ಲಿ ತೆಗೆದ ಶಾಟ್‌ನಲ್ಲಿ ಪೆಂಡಾಲಿನ ಎಲ್‌ಇಡಿ ಬೆಳಕು ಪಟ್ಟಿಪಟ್ಟಿಯಾಗಿ ಉರುಳುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್. ಅಂಥ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. 1/50ರಲ್ಲಿ ಸರಿಯಾಗಿ ಎರಡು ಏರಿಳಿತ ಕೂರುತ್ತವೆ, 1/60ರಲ್ಲಿ ಕೂರುವುದಿಲ್ಲ. ಅಲ್ಲೇ 25 ಫ್ರೇಮ್, 1/50ಕ್ಕೆ ಬದಲಿಸಿದೆ, ಪಟ್ಟಿ ಹೋಯಿತು.

ಈಗ ಫಿಲ್ಟರ್ ಡಬ್ಬಿ ಬ್ಯಾಟರಿಯ ಜೊತೆಗೇ ಇರುತ್ತದೆ. ಡ್ರೋನ್ ಆನ್ ಮಾಡುವ ಮೊದಲೇ ಅದನ್ನು ಕೂರಿಸಬೇಕು, ಗಿಂಬಲ್ ತನ್ನನ್ನು ಸರಿಹೊಂದಿಸಿಕೊಳ್ಳುವುದು ಆನ್ ಆಗುವಾಗಲೇ. ಬದುವಿನ ಮೇಲೆ ನಿಂತು ಮೊದಲು ನನ್ನ ನೆರಳು ನೋಡುತ್ತೇನೆ. ಅಂಚು ಹರಿತವಾಗಿದ್ದರೆ 64, ಮಸುಕಾಗಿದ್ದರೆ 16.