ನಾಯಿಮರಿ ಕೊಡೋ ಮುಂಚೆ ಮನೆ ನೋಡ್ತಾರೆ



ಬಿಸಿಯೂಟದ ಕೋಣೆ ಹಿಂದೆ ಕಾಳಿ ಮರಿ ಹಾಕಿರುವುದು ಎಲ್ಲರಿಗೂ ಗೊತ್ತು. ಒಟ್ಟು ಐದು ಮರಿ. ಆಗಲೇ "ಬಿಳೀದು ನಂಗೆ, ಮಚ್ಚೇದು ನಂಗೆ" ಅಂತ ಜಗಳ ಶುರುವಾಗಿದೆ. ಹೋದ ಸಲವೂ ಹೀಗೇ ಆಯ್ತು. ಕೇಳಿದವರಿಗೆಲ್ಲ ಕೊಟ್ಟುಬಿಟ್ಟೆವು. ನಾನು ಒಂದು ಕಂದು ಮರಿಯನ್ನು ಚೀಲದಲ್ಲಿ ಹಾಕಿ ಒಬ್ಬರಿಗೆ ಕೊಟ್ಟೆ. ಅವರ ಮನೆ ಎಲ್ಲಿ ಅಂತ ಕೂಡ ಕೇಳಲಿಲ್ಲ. ಹದಿನೈದು ದಿನ ಆದ ಮೇಲೆ ಅದು ಸಂತೆ ಮೈದಾನದಲ್ಲಿ ಒಂದೇ ತಿರುಗುತ್ತಿತ್ತು, ಮೈಯೆಲ್ಲ ಕಜ್ಜಿ. ಮಾರನೇ ವಾರ ಹೋಗಿ ನೋಡಿದರೆ ಇರಲಿಲ್ಲ. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ರಜೆಯಲ್ಲಿ ಹಲಸೂರಿನ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಚಿಕ್ಕಮ್ಮ ಇಂದಿರಾನಗರದ ಒಂದು ಮನೆಯಲ್ಲಿ ಅಡುಗೆ ಕೆಲಸ ಮಾಡ್ತಾರೆ. ಆ ಮನೆಯವರು ನಾಯಿಗಳನ್ನು ಕಾಪಾಡುವ ಒಂದು ಸಂಸ್ಥೆಯಿಂದ ಬೀದಿನಾಯಿಯನ್ನು ದತ್ತು ತಗೊಂಡರಂತೆ. ನಾಯಿಗೂ ದತ್ತು ಅನ್ನುವುದನ್ನು ಕೇಳಿ ನಮ್ಮಜ್ಜಿ ನಕ್ಕರು. ಚಿಕ್ಕಮ್ಮ ಎಲ್ಲಾ ವಿವರ ಹೇಳಿದ ಮೇಲೆ "ಓ, ಹೆಣ್ಣು ಕೊಡೋವಾಗ ಮನೆತನ ವಿಚಾರಿಸಿದ ಹಾಗೆ" ಅಂದರು. ನಿಜವಾಗಿಯೂ ಹಾಗೇ ಇದೆ.

ಮೊದಲು ಫಾರಂ ತುಂಬಬೇಕು. ಮನೆ ಸ್ವಂತದ್ದೋ ಬಾಡಿಗೆಯೋ? ಬಾಡಿಗೆ ಆದರೆ ಓನರ್ ಒಪ್ಪಿದ್ದಾರಾ? ಎಷ್ಟು ಜನ ಇದ್ದೀರಿ, ಎಲ್ಲರಿಗೂ ನಾಯಿ ಬೇಕಾ, ಅಥವಾ ಮಕ್ಕಳ ಹಟಕ್ಕೆ ತರ್ತಾ ಇದ್ದೀರಾ? ನಾಯಿ ದಿನಕ್ಕೆ ಎಷ್ಟು ಗಂಟೆ ಒಂಟಿ ಇರುತ್ತೆ, ರಾತ್ರಿ ಎಲ್ಲಿ ಮಲಗುತ್ತೆ? ಹಬ್ಬಕ್ಕೆ ಊರಿಗೆ ಹೋದರೆ ಯಾರು ನೋಡ್ಕೊತಾರೆ? ಹಿಂದೆ ನಾಯಿ ಸಾಕಿದ್ದರೆ ಅದು ಏನಾಯ್ತು? ಈ ಕೊನೇ ಪ್ರಶ್ನೆ ಬಹಳ ಮುಖ್ಯ ಅಂತ ನನಗೆ ಅನ್ನಿಸಿತು. "ಓಡಿಹೋಯ್ತು" ಅಂತ ಮೂರು ಸಲ ಹೇಳುವವರ ಮನೆ ಗೇಟು ನೋಡಲೇಬೇಕಲ್ಲ.

ಫಾರಂ ಆದ ಮೇಲೆ ಇಬ್ಬರು ಮನೆ ನೋಡೋಕೆ ಬಂದರು. ಕಾಂಪೌಂಡು ಎಷ್ಟೆತ್ತರ, ಗೇಟಿನ ಸಂದಿಯಲ್ಲಿ ಮರಿ ತೂರುತ್ತಾ, ಮಹಡಿಗೆ ತಡೆಗೋಡೆ ಇದೆಯಾ ಅಂತ ನೋಡಿದರು. ಮನೆಯ ಹುಡುಗನನ್ನು "ಕಕ್ಕ ಯಾರು ಎತ್ತುತ್ತೀರಿ?" ಅಂತ ಕೇಳಿದರು. ಅವನು ಅಮ್ಮನ ಮುಖ ನೋಡಿದ. ಆಮೇಲೆ ಅಡುಗೆಮನೆಗೆ ಬಂದು ಚಿಕ್ಕಮ್ಮನನ್ನೇ ಕೇಳಿದರಂತೆ: "ನಿಮಗೆ ನಾಯಿ ಭಯ ಇದೆಯಾ? ಹಗಲೆಲ್ಲ ಮನೇಲಿ ಇರೋರು ನೀವೇ ಅಲ್ವಾ?" ಆ ಮನೆಯಲ್ಲಿ ಹೀಗೆ ಅವರ ಅಭಿಪ್ರಾಯ ಕೇಳಿದ್ದು ಅದೇ ಮೊದಲು ಅಂದರು ಚಿಕ್ಕಮ್ಮ.

ಮನೆ ಒಳ್ಳೇದಾದರೆ ಸಾಲದು, ಜೋಡಿ ಕೂಡಬೇಕು. ಆ ಮನೆಯವರು ಕೇಳಿದ್ದು ಎರಡು ತಿಂಗಳ ಮರಿ. ಕೊಟ್ಟಿದ್ದು ನಾಲ್ಕು ವರ್ಷದ ಹೆಣ್ಣು ನಾಯಿ. ಯಾಕೆಂದರೆ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ ಬೇಕು, ಸಿಕ್ಕಿದ್ದೆಲ್ಲ ಕಡಿಯುತ್ತೆ, ಮನೆಯಲ್ಲಿ ನಡೆಯಲಾಗದ ಅಜ್ಜ ಇದ್ದಾರೆ. ದೊಡ್ಡ ನಾಯಿ ಆದರೆ ಅದರ ಗುಣ ಮೊದಲೇ ಗೊತ್ತಿರುತ್ತೆ. ಓಡಾಡುವ ನಾಯಿ ಓಡಾಡುವವರಿಗೆ, ಗಲಾಟೆಗೆ ಹೆದರುವ ನಾಯಿ ಸದ್ದಿಲ್ಲದ ಮನೆಗೆ. ಮನೆಯಲ್ಲಿ ಮೊದಲೇ ನಾಯಿ ಇದ್ದರೆ ಎರಡನ್ನೂ ಹೊರಗೆ, ಇಬ್ಬರದೂ ಅಲ್ಲದ ಜಾಗದಲ್ಲಿ ಭೇಟಿ ಮಾಡಿಸ್ತಾರೆ. ಕರಾರು ಪತ್ರವೂ ಉಂಟು: ಆಪರೇಷನ್ ಮಾಡಿಸಬೇಕು, ಮಾರಬಾರದು, ಬೇಡವಾದರೆ ರಸ್ತೆಗೆ ಬಿಡದೆ ವಾಪಸ್ ಸಂಸ್ಥೆಗೇ ಕೊಡಬೇಕು. ಮೂರು ದಿನ ಹೆದರುತ್ತೆ, ಮೂರು ವಾರಕ್ಕೆ ರೂಢಿಯಾಗುತ್ತೆ, ಮೂರು ತಿಂಗಳಿಗೆ ತನ್ನ ಮನೆ ಅಂದುಕೊಳ್ಳುತ್ತೆ ಅನ್ನುವುದು ಅವರ ಸುಮಾರು ಲೆಕ್ಕ. ಅಷ್ಟರಲ್ಲಿ ಫೋನು ಮಾಡಿ, ಫೋಟೋ ತರಿಸಿ ನೋಡ್ತಾರೆ.

ಬೆಂಗಳೂರಿನಲ್ಲಿ ಇಂಥ ಕೆಲಸ ಹೊಸದಲ್ಲ. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲೆಂಡಿನ ಮಹಿಳೆ ಮೊದಲು ದೆಹಲಿಯಲ್ಲಿ, ಆಮೇಲೆ ಜೈಪುರದಲ್ಲಿ ಪ್ರಾಣಿಗಳ ಸೇವೆ ಮಾಡಿ, 1991ರಲ್ಲಿ ಇಲ್ಲಿ 'ಕ್ಯೂಪಾ' ಸಂಸ್ಥೆ ಶುರು ಮಾಡಿದರು. ಆಗ ಅವರಿಗೆ ಎಂಬತ್ತು ದಾಟಿತ್ತು! 1996ರಲ್ಲಿ ತೀರಿಕೊಂಡರು. ಸಂಸ್ಥೆ ಈಗಲೂ ಇದೆ. 2023ರಲ್ಲಿ ಆಗಿನ ಮಹಾನಗರ ಪಾಲಿಕೆ ಎಣಿಸಿದಾಗ ಬೆಂಗಳೂರಲ್ಲಿ ಸುಮಾರು 2 ಲಕ್ಷ 79 ಸಾವಿರ ಬೀದಿನಾಯಿ ಇದ್ದವು. ಅಷ್ಟಕ್ಕೂ ಮನೆ ಸಿಗಲ್ಲ, ಅದು ನನಗೂ ಗೊತ್ತು.

ಇಷ್ಟೊಂದು ನಾಯಿ ಇರುವಾಗ ಇಷ್ಟೊಂದು ಪ್ರಶ್ನೆ ಯಾಕೆ ಅಂತ ನಮ್ಮ ಮಾವ ಕೇಳಿದರು. "ಶಿವಾಜಿನಗರದ ಅಂಗಡಿಗೆ ದುಡ್ಡು ತಗೊಂಡು ಹೋದರೆ ಮರಿ ಸಿಗುತ್ತೆ, ಯಾರು ಮನೆ ನೋಡ್ತಾರೆ?" ಅಂದರು. ಮಾವನ ಮಾತಲ್ಲಿ ಸ್ವಲ್ಪ ನಿಜ ಇದೆ. ಚಿಕ್ಕಮ್ಮನ ವಠಾರದ ಬಾಗಿಲಲ್ಲಿ ಹೂ ಕಟ್ಟುವ ಒಬ್ಬ ಅಜ್ಜಿ ಇದ್ದಾರೆ. ಒಂದು ಕುಂಟು ನಾಯಿ ಏಳು ವರ್ಷದಿಂದ ಅವರ ಹತ್ತಿರವೇ ಮಲಗುತ್ತೆ. ತಮ್ಮ ತಟ್ಟೆಯಿಂದ ಅನ್ನ ಹಾಕ್ತಾರೆ. ಸ್ವಂತ ಮನೆ ಇಲ್ಲ, ಗೇಟಿಲ್ಲ, ಆ ಫಾರಂ ಪೂರಾ ಇಂಗ್ಲಿಷಿನಲ್ಲಿ ಬೇರೆ ಇತ್ತಂತೆ. ಅದರ ಪ್ರಕಾರ ಅಜ್ಜಿ ಫೇಲು. ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಮನೆ ದೊಡ್ಡದಾ ಅಂತ ನೋಡುವುದು ಬೇರೆ, ನೋಡಿಕೊಳ್ತಾರಾ ಅಂತ ನೋಡುವುದು ಬೇರೆ. ಆದರೂ ಏನೂ ಕೇಳದೆ ಕೊಟ್ಟರೆ ಏನಾಗುತ್ತೆ ಅಂತ ನಾನು ಸಂತೆ ಮೈದಾನದಲ್ಲಿ ನೋಡಿದ್ದೇನೆ.

ಕಾನೂನೂ ಇದೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಂತೆ ಅಪರಾಧ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟು, ಬೀದಿನಾಯಿ ದತ್ತು ಬೇಕಾದವರು ಸ್ಥಳೀಯ ಪಾಲಿಕೆಗೆ ಅರ್ಜಿ ಹಾಕಬಹುದು, ಆದರೆ ಅದು ಮತ್ತೆ ಬೀದಿಗೆ ಬರದ ಹಾಗೆ ನೋಡಿಕೊಳ್ಳುವ ಜವಾಬ್ದಾರಿ ಅವರದೇ ಅಂತ ಹೇಳಿತು. ನಾಯಿ ಸಾಕಿ ಮಾರುವವರಿಗೆ 2017ರಲ್ಲಿ ಬಂದ ನಿಯಮದಲ್ಲಿ ಎಂಟು ವಾರ ತುಂಬದ ಮರಿ ಮಾರಬಾರದು ಅಂತಿದೆ. ನಾವು ಮಾರುತ್ತಿಲ್ಲ, ಆದರೆ ಮರಿಗೆ ತಾಯಿ ಹಾಲು ಬೇಕಾಗುವುದು ಒಂದೇ ತಾನೆ?

ಕಾಳಿ ಮರಿ ಹಾಕಿದ್ದು ಜುಲೈ 2, ಮಿಸ್ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ. ಎಂಟು ವಾರ ಅಂದರೆ 56 ದಿನ. ಆಗಸ್ಟ್ 27ರವರೆಗೆ ಯಾರೂ ಎತ್ತಿಕೊಂಡು ಹೋಗುವಂತಿಲ್ಲ. ಹುಚ್ಚುನಾಯಿ ರೋಗದ ಚುಚ್ಚುಮದ್ದು ಮೂರು ತಿಂಗಳಿಗೆ ಹಾಕಿಸಬೇಕು, ಅದನ್ನು ತಗೊಂಡವರೇ ಹಾಕಿಸಬೇಕು.

ನಮ್ಮ ಮನೆಗೆ ಮರಿ ಸಿಗಲ್ಲ, ಯಾಕೆಂದರೆ ಅಮ್ಮ ಒಪ್ಪಿಲ್ಲ. ಬೇಕಾದವರು ತರಗತಿ ಲೀಡರ್ ಹತ್ತಿರ ಹೆಸರು ಬರೆಸಿ. ಭಾನುವಾರ ನಾವು ಮೂವರು ಮನೆ ನೋಡೋಕೆ ಬರ್ತೀವಿ. ದೊಡ್ಡವರೂ ಮನೇಲಿ ಇರಬೇಕು. ಹಿಂದಿನ ಕಾಲು ಎಳೆಯುವ ಮರಿಗೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ.