ಕಣ್ಣೀರಿನ ಜೊತೆಗೆ ಕೂಲಿಯ ಲೆಕ್ಕವನ್ನೂ ಬರೆ

ಮಗಳೇ,

ಗುಳೆ ಹೋಗುವವರ ಬದುಕಿನ ಮೇಲೆ ಕಾದಂಬರಿ ಬರೆಯಲು ಹೊರಟಿದ್ದೀಯೆ. ತುಂಬ ಸಂತೋಷ. ಅದಕ್ಕೆ ಮೊದಲು ಜಾನ್ ಸ್ಟೈನ್‌ಬೆಕ್‌ನ ‘ದಿ ಗ್ರೇಪ್ಸ್ ಆಫ್ ರಾತ್’ ಓದು. 1939ರಲ್ಲಿ ಬಂದ ಕಾದಂಬರಿ ಅದು. ಅಮೆರಿಕದ ಒಕ್ಲಹೋಮಾದಲ್ಲಿ ದೂಳಿನ ಬಿರುಗಾಳಿ ಬೆಳೆ ನುಂಗುತ್ತದೆ. ಬ್ಯಾಂಕು, ಕಂಪನಿಗಳು ಟ್ರ್ಯಾಕ್ಟರ್ ತಂದು ಗೇಣಿದಾರರನ್ನು ಒಕ್ಕಲೆಬ್ಬಿಸುತ್ತವೆ. ಹಾಗೆ ನೆಲ ಕಳೆದುಕೊಂಡ ಜೋಡ್ ಕುಟುಂಬ ಹಳೆಯ ಕಾರನ್ನೇ ಲಾರಿ ಮಾಡಿಕೊಂಡು ಕ್ಯಾಲಿಫೋರ್ನಿಯಾದ ಹಾದಿ ಹಿಡಿಯುತ್ತದೆ. ಅಜ್ಜ ದಾರಿಯಲ್ಲೇ ತೀರಿಕೊಳ್ಳುತ್ತಾನೆ, ಅಜ್ಜಿ ಮರುಭೂಮಿ ದಾಟುವ ರಾತ್ರಿ.

ಓದಿದರೆ ಕಣ್ಣು ತುಂಬುತ್ತದೆ, ತುಂಬಲಿ. ಆದರೆ ಅಲ್ಲಿಗೇ ನಿಲ್ಲಬೇಡ. ಬಡತನವನ್ನು ಹೇಗೆ ಹುಟ್ಟಿಸುತ್ತಾರೆಂದು ಸ್ಟೈನ್‌ಬೆಕ್ ಲೆಕ್ಕ ಹಾಕಿ ತೋರಿಸುವುದನ್ನು ಗಮನಿಸು. ತೋಟದವನಿಗೆ ಬೇಕಾದದ್ದು 800 ಆಳು. ಅಚ್ಚು ಹಾಕಿಸಿ ಹಂಚುವುದು 5,000 ಕರಪತ್ರ. ಹಸಿದವರ ಗುಂಪು ಬಂದು ಸೇರಿದ ಮೇಲೆ ಕಡಿಮೆ ಕೂಲಿಗೆ ಒಪ್ಪುವವನಿಗಷ್ಟೇ ಕೆಲಸ. ಪೀಚ್ ತೋಟದಲ್ಲಿ ಒಂದು ಪೆಟ್ಟಿಗೆ ಹಣ್ಣಿಗೆ 5 ಸೆಂಟ್. ಮನೆಮಂದಿಯೆಲ್ಲ ದುಡಿದು ಗಳಿಸಿದ ಒಂದು ಡಾಲರ್ ತೋಟದವರ ಅಂಗಡಿಯಲ್ಲೇ ಒಂದು ಹೊತ್ತಿನ ಊಟಕ್ಕೆ ಕರಗಿಹೋಗುತ್ತದೆ. ಅಲ್ಲಿ ಬೆಲೆ ಪೇಟೆಗಿಂತ ಹೆಚ್ಚು. ಅಲ್ಲಿನ ಕೂಲಿಗಳ ಮುಷ್ಕರ ಮುರಿದ ಕೂಡಲೇ ಕೂಲಿ ಅರ್ಧಕ್ಕಿಳಿಯುತ್ತದೆ. ಇದು ಹಣೆಬರಹವಲ್ಲ, ಕೆಲವರು ಕೂತು ಮಾಡಿದ ಏರ್ಪಾಡು.

ಈ ವಿವರಗಳು ಬರೀ ಕಲ್ಪನೆಯಿಂದ ಬಂದವಲ್ಲ. 1936ರ ಅಕ್ಟೋಬರಿನಲ್ಲಿ ಸ್ಟೈನ್‌ಬೆಕ್ ವಲಸೆ ಕೂಲಿಗಳ ಬೀಡುಗಳನ್ನು ಕುರಿತು ‘ಸ್ಯಾನ್ ಫ್ರಾನ್ಸಿಸ್ಕೊ ನ್ಯೂಸ್’ ಪತ್ರಿಕೆಗೆ ಲೇಖನಮಾಲೆ ಬರೆದಿದ್ದ. ಸರ್ಕಾರಿ ಶಿಬಿರ ನೋಡಿಕೊಳ್ಳುತ್ತಿದ್ದ ಟಾಮ್ ಕಾಲಿನ್ಸ್ ತನ್ನ ವರದಿಗಳನ್ನು ಕೊಟ್ಟು ನೆರವಾದ. ಸತ್ಯ ಚುಚ್ಚಿದ್ದರಿಂದಲೇ ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿ ಕಾದಂಬರಿ ಬಂದ 1939ರಲ್ಲೇ ಅದನ್ನು ಗ್ರಂಥಾಲಯಗಳಿಂದ ನಿಷೇಧಿಸಿತು. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು.

ಸನೋರಾ ಬ್ಯಾಬ್ ಹೆಸರನ್ನೂ ಮರೆಯಬೇಡ. ಅದೇ ಶಿಬಿರಗಳಲ್ಲಿ ದುಡಿದು, ಅದೇ ಜನರ ಮೇಲೆ ಕಾದಂಬರಿ ಬರೆದಳು. ಸ್ಟೈನ್‌ಬೆಕ್ ಪುಸ್ತಕ ಆಗಲೇ ಹೆಸರು ಮಾಡಿದೆಯೆಂದು ಪ್ರಕಾಶಕರು ಅವಳದನ್ನು ಬದಿಗಿಟ್ಟರು. ಅದು ಅಚ್ಚಾದದ್ದು 2004ರಲ್ಲಿ. ಒಬ್ಬ ಹೇಳಿದ ಮಾತ್ರಕ್ಕೆ ಕಷ್ಟದ ಕತೆ ಮುಗಿಯುವುದಿಲ್ಲ. ಜೋಡ್ ಕುಟುಂಬಕ್ಕೂ ಮೊದಲೇ ಆ ತೋಟಗಳಲ್ಲಿ ಬೆವರು ಸುರಿಸಿದ್ದ ಮೆಕ್ಸಿಕೊ, ಫಿಲಿಪೀನ್ಸ್ ಮೂಲದವರಿಗೆ ಸ್ಟೈನ್‌ಬೆಕ್‌ನ ಕತೆಯಲ್ಲಿ ಹೆಚ್ಚು ಜಾಗ ಸಿಗಲಿಲ್ಲ. ನಿನ್ನ ಕತೆಯಲ್ಲಿ ಯಾರು ಬಿಟ್ಟುಹೋಗಿದ್ದಾರೆಂದು ನೀನೂ ಕೇಳಿಕೋ.

ನಮ್ಮ ರಾಯಚೂರು, ಯಾದಗಿರಿ ಕಡೆಯಿಂದ ಮಕ್ಕಳುಮರಿ ಕಟ್ಟಿಕೊಂಡು ಗುಳೆ ಹೊರಡುವವರನ್ನು ನೀನು ಬಸ್‌ಸ್ಟ್ಯಾಂಡಿನಲ್ಲಿ ಕಂಡಿರುತ್ತೀಯೆ. ಹೋಗಿ ಅವರ ಪಕ್ಕ ಕೂರು. ಮುಂಗಡ ಎಷ್ಟು ಕೊಟ್ಟರು, ಕೂಲಿಯಲ್ಲಿ ಎಷ್ಟು ಮುರಿದುಕೊಂಡರು, ಮಗುವಿನ ಶಾಲೆ ಎಲ್ಲಿಗೆ ನಿಂತಿತು, ಕೇಳಿ ಬರೆದುಕೋ. ಅವರ ನಗು, ಹಟ, ಒಬ್ಬರಿಗೊಬ್ಬರು ಆಗುವ ಬಗೆಯನ್ನೂ ಬರೆ. ಬರೀ ಗೋಳು ಬರೆದರೆ ಅವರಿಗೆ ಅವಮಾನ. ಬರೆದು ಮುಗಿಸಿದ ಮೇಲೆ ಮೊದಲು ಅವರಿಗೇ ಓದಿ ಹೇಳು. ಲೆಕ್ಕ ತಪ್ಪಿದೆ ಎಂದು ಅವರು ಹೇಳಿದರೆ, ತಿದ್ದಿದ ಮೇಲೆಯೇ ಅಚ್ಚಿಗೆ ಕೊಡು.