ಸೆಪ್ಸಿಸ್ ನಂತರ ಪದೇ ಪದೇ ಜ್ವರ

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಬೈಕ್ ಅಪಘಾತದಲ್ಲಿ ತೊಡೆಮೂಳೆ ಮುರಿದು ರಾಡ್ ಹಾಕಿದ್ದರು. ಆಮೇಲೆ ಸೆಪ್ಸಿಸ್ ಆಗಿ ಐಸಿಯುನಲ್ಲಿದ್ದರು. ಈಗ ಮನೆಯಲ್ಲಿದ್ದಾರೆ, ಆದರೆ ಮತ್ತೆ ಮತ್ತೆ ಕೆಮ್ಮು, ಜ್ವರ. ರೋಗನಿರೋಧಕ ಶಕ್ತಿಗೆ ಟಾನಿಕ್ ಕೊಡಬಹುದೇ?
– ಹೆಸರು ಬೇಡ, ಹಾಸನ

ಉತ್ತರ: ಟಾನಿಕ್ ಬೇಡ, ಮೊದಲು ಜ್ವರದ ಮೂಲ ಹುಡುಕಿಸಿ.

ದೊಡ್ಡ ಪೆಟ್ಟು ಬಿದ್ದಾಗ ಒಡೆದ ಜೀವಕೋಶಗಳಿಂದ ಅವುಗಳ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಡಿಎನ್‌ಎ ರಕ್ತಕ್ಕೆ ಸೇರುತ್ತದೆ. ಅದು ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಹೋಲುವುದರಿಂದ, ಸೋಂಕಿಲ್ಲದಿದ್ದರೂ ದೇಹ ಉರಿಯೂತ ಎಬ್ಬಿಸುತ್ತದೆ. ಮೇಲೆ ನಿಜವಾದ ಸೋಂಕೂ ತಗುಲಿ, ದೇಹದ ಪ್ರತಿಕ್ರಿಯೆಯೇ ಹತೋಟಿ ತಪ್ಪಿ ಅಂಗಾಂಗಗಳನ್ನು ಕೆಡಿಸಿದರೆ ಅದು ಸೆಪ್ಸಿಸ್. ರಕ್ತನಾಳಗಳು ಸೋರುತ್ತವೆ, ಬಿಪಿ ಕುಸಿಯುತ್ತದೆ, ಕಿಡ್ನಿಗೆ ರಕ್ತ ಸಾಲದಾಗುತ್ತದೆ.

ಇದರ ಜತೆಗೇ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳು ಭಾರಿ ಸಂಖ್ಯೆಯಲ್ಲಿ ಸಾಯುತ್ತವೆ, ಉಳಿದ ರಕ್ಷಕ ಕಣಗಳೂ ಮಂಕಾಗುತ್ತವೆ. ಈ ದೌರ್ಬಲ್ಯ ತಿಂಗಳುಗಟ್ಟಲೆ ಉಳಿಯಬಹುದು. ನಿಮ್ಮ ತಂದೆಯವರ ತೊಂದರೆಗೆ ಇದೂ ಕಾರಣವಿರಬಹುದು. ಇದನ್ನು ಸರಿಪಡಿಸುವ ಟಾನಿಕ್ ಯಾವುದೂ ಇಲ್ಲ.

ರಾಡ್ ಹಾಕಿದ ಜಾಗದಲ್ಲಿ ನೋವು, ಊತ, ಕೀವು ಇದೆಯೇ ನೋಡಿ. ಎದೆಯ ಎಕ್ಸ್‌ರೇ, ರಕ್ತಪರೀಕ್ಷೆ ಮಾಡಿಸಿ. ಮೊಟ್ಟೆ, ಬೇಳೆ, ಹಾಲು ಕೊಡಿ. ಕಿಡ್ನಿ ತೊಂದರೆಯಿದ್ದರೆ ಇವುಗಳ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ. ಫಿಸಿಯೋಥೆರಪಿ ಬಿಡಬೇಡಿ. ಫ್ಲೂ, ನ್ಯುಮೋನಿಯಾ ಲಸಿಕೆಗಳ ಬಗ್ಗೆ ವಿಚಾರಿಸಿ. ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ನೀವಾಗಿಯೇ ಕೊಡಬೇಡಿ.

ಚಳಿಜ್ವರದೊಂದಿಗೆ ಏದುಸಿರು, ಗಲಿಬಿಲಿ ಮಾತು, ಮೂತ್ರ ಕಡಿಮೆಯಾಗುವುದು ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಹಿಂದೆ ಸೆಪ್ಸಿಸ್ ಆಗಿತ್ತೆಂದು ಮೊದಲೇ ಹೇಳಿ.